ಮುಳ್ಳು ಬಿಡದ ಹುಳ

ನಮ್ಮ ಓನರಮ್ಮನ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದ, ಮಿಕ್ಕ ಒಂಬತ್ತೂ ಬುಡಕ್ಕೆ ಕತ್ತರಿಸಿದ್ದು. ಇದು ಸಾವಿರದ ಒಂಬೈನೂರ ಎಂಬತ್ತರ ಆಸುಪಾಸಿನ ಮಾತು. ನಮ್ಮ ಯಜಮಾನರಿಗೆ ಕಾರ್ಖಾನೆಯಲ್ಲಿ ಲೇತ್ ಕೆಲಸ. ಪೀಣ್ಯದಲ್ಲಿ ಓನರಮ್ಮನ ರಾಗಿ ಹೊಲದಂಚಿನ ಶೀಟ್ ಮನೆಯಲ್ಲಿ ನಾವು ಬಾಡಿಗೆಗಿದ್ದೆವು. ಈ ವಯಸ್ಸಿಗೆ ಇದೆಂಥ ಶೋಕಿ ಅಂತ ಆ ಉಗುರು ನೋಡಿ ನಾನು ಮೂಗು ಮುರಿದಿದ್ದೆ.

ಶೋಕಿಯಲ್ಲ. ವಠಾರದ ಮಕ್ಕಳಿಗೆ ಜೇನು ಕಚ್ಚಿದರೆ ಅದೇ ಔಷಧಿ. "ಚಿವುಟಬ್ಯಾಡ್ರೇ, ವಿಷ ಒಳಕ್ಕೋಯ್ತದೆ" ಎಂದು ಗದರಿ, ಮುಳ್ಳನ್ನು ಉಗುರಿನಿಂದ ಕೆರೆದು ತೆಗೆಯುತ್ತಿದ್ದರು. ಆನೇಕಲ್ ಕಡೆಯ ತವರಿನಲ್ಲಿ ಅಪ್ಪ ಜೇನು ಕೀಳುತ್ತಿದ್ದರಂತೆ. "ಜೇನು ಪಾಪದ್ದು ಕಣಮ್ಮ. ಒಂದ್ಸಲ ಚುಚ್ಚಿ, ಮುಳ್ಳು ಬುಟ್ಟು ಸತ್ತೋಯ್ತದೆ." ಕಡಜದ ಸುದ್ದಿ ಎತ್ತಿದರೆ ಮಾತ್ರ ಎದ್ದು ಹೋಗುತ್ತಿದ್ದರು.

ಯಾಕೆಂದು ಅವರ ಓರಗಿತ್ತಿ ಹೇಳಿದರು. ಎಷ್ಟೋ ವರ್ಷದ ಹಿಂದೆ ಓನರಮ್ಮನಿಗೆ ಇದ್ದೊಬ್ಬಳೇ ಮಗಳು, ಐದು ವರ್ಷದ್ದು, ದನದ ಕೊಟ್ಟಿಗೆಯಲ್ಲಿ ಕಿರುಚಿಕೊಂಡಿತಂತೆ. ಜೇನೆಂದೇ ತಿಳಿದ ಈಯಮ್ಮ ಮಗುವನ್ನು ಅಲ್ಲೇ ಅದುಮಿ ಹಿಡಿದು ಮುಳ್ಳು ಹುಡುಕಿದರು. ಕಡಜ ಎಲ್ಲಾದರೂ ಮುಳ್ಳು ಬಿಟ್ಟು ಹೋಗುತ್ತದೆಯೇ! ಲಂಗದೊಳಗೆ ಸೇರಿದ್ದು ಚುಚ್ಚುತ್ತಲೇ ಇತ್ತು. ಜಂತೆಯ ಗೂಡಿನಿಂದ ಇನ್ನಷ್ಟು ಇಳಿದವು. ಮಗು ಕೊಸರಿದಷ್ಟೂ ಇವರು ಬಿಗಿಯಾಗಿ ಹಿಡಿದರು. ಆಸ್ಪತ್ರೆ ಸೇರುವಷ್ಟರಲ್ಲಿ ಜೀವ ಹೋಗಿತ್ತು.

ಒಂದು ಮಧ್ಯಾಹ್ನ ನಮ್ಮ ಸೂರಿನ ಕೆಳಗೆ ಕಡಜ ಕಚ್ಚಿ ನನ್ನ ಮಗಳು ಚೀರಿದಳು. ಕತೆ ಗೊತ್ತಿದ್ದೂ, ಹಾಳಾದ ಗಾಬರಿಗೆ ನಾನೂ ಅವಳ ತೋಳು ಹಿಡಿದು ಮುಳ್ಳು ಹುಡುಕತೊಡಗಿದೆ. ಓನರಮ್ಮ ಎಲ್ಲಿದ್ದರೋ, "ಬುಡೇ, ಅದು ಮುಳ್ಳು ಬುಡಾಕಿಲ್ಲ!" ಎಂದು ನನ್ನನ್ನು ನೂಕಿ, ಫ್ರಾಕನ್ನು ಪರ್ರನೆ ಹರಿದೆಸೆದು, ಮಗುವನ್ನು ಎತ್ತಿಕೊಂಡು ರಸ್ತೆವರೆಗೆ ಓಡಿದರು. ಟೆಂಪೋ ಅಡ್ಡಹಾಕಿ ಆಸ್ಪತ್ರೆ ಮುಟ್ಟಿಸಿದರು. ಸಂಜೆಗೆ ಮಗಳು ಬನ್ನು ಕೇಳಿದಳು.

ನಾನು ಅವರ ಕಾಲಿಗೆ ಬಿದ್ದೆ. ಅವರು ನನ್ನ ಕಡೆ ನೋಡಲೇ ಇಲ್ಲ. ಆಸ್ಪತ್ರೆಯ ಗೋಡೆಗೆ ಒರಗಿ ಕುಸಿದು, "ಇಷ್ಟೇನಾ? ಬಟ್ಟೆ ಕಿತ್ತೆಸ್ದು ಓಡಿದ್ರೆ ನಂದೂ ಉಳ್ಕಂತಿತ್ತಾ?" ಎಂದರು.

ಅಲ್ಲಿಂದ ಅವರಿಗೆ ಊಟ ಸೇರಲಿಲ್ಲ. ನನ್ನ ಮಗಳು ಎದುರಾದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಮೊದಮೊದಲು ನನಗೆ ಸಿಟ್ಟು ಬಂದಿದ್ದೂ ನಿಜ. ಅವಳನ್ನು ಉಳಿಸಿದ್ದಕ್ಕೇ ಆ ತಾಯಿ ಸವೆದುಹೋದರು ಅನ್ನುವುದು ಆಮೇಲೆ ಅರ್ಥವಾಯಿತು. ಈ ಋಣವನ್ನು ಯಾವ ದೇವರಿಗೆ ಹೇಳಿಕೊಂಡು ತೀರಿಸಲಿ? ಅವರ ಕೊನೆಯ ದಿನ ಗಂಜಿ ಕುಡಿಸಲು ಹೋಗಿದ್ದೆ. ಲೋಟ ಪಕ್ಕಕ್ಕೆ ಸರಿಸಿ ಅಂದರು: "ನಾನೇ ಇಡ್ಕಂಡಿದ್ನಲ್ಲಮ್ಮ. ಬುಡಮ್ಮಾ ಬುಡಮ್ಮಾ ಅಂತಿತ್ತು. ಬುಡ್ಲಿಲ್ಲ."