ಕೆಲಸಕ್ಕೂ ಮನೆ ನೋಡಿಸಿದ ಮಮತ ಮಿಸ್

ನಲ್ಲೂರಿನ ಹುಣಸೆತೋಪಿನ ಆಚೆಗಿರುವ ನಮ್ಮೂರ ಸರ್ಕಾರಿ ಪ್ರೌಢಶಾಲೆಯಲ್ಲಿ ಯಾರೂ ಬರೆದಿಡದ ಒಂದು ಕಾನೂನಿದೆ. ಮೀಟಿಂಗಿಗೆ ಯಾರು ಚಕ್ಕರ್ ಹೊಡೆಯುತ್ತಾರೋ, ಹೊಸ ಜವಾಬ್ದಾರಿ ಅವರ ತಲೆಗೆ. ಹಿಂದಿ ಕಲಿಸುವ ಮಮತ ಮಿಸ್ ಘಾಟಿ ಸುಬ್ರಹ್ಮಣ್ಯಕ್ಕೆ ಹರಕೆ ತೀರಿಸಲು ಹೋದ ದಿನವೇ ಮೀಟಿಂಗ್ ನಡೆದುಹೋಯಿತು. ಮರುದಿನ ಪ್ರಸಾದದ ಪೊಟ್ಟಣ ಹಿಡಿದು ಬಂದವರಿಗೆ ಹೆಡ್‌ಮಾಸ್ಟರು, "ಮಿಸ್, ಇನ್ಮೇಲೆ ವೃತ್ತಿ ಮಾರ್ಗದರ್ಶನ ನಿಮ್ದು. ಹತ್ತನೇ ಕ್ಲಾಸಿನ ಮಕ್ಕಳು ಮುಂದೇನು ಓದ್ಬೇಕು ಅಂತ ನೀವೇ ಹೇಳ್ಬೇಕು" ಎಂದರು.

"ಸಾರ್, ನಾನೇನು ಓದ್ಬೇಕು ಅಂತ ಹೇಳಿದ್ದೇ ನಮ್ಮ ಸೋದರಮಾವ."

"ಹಂಗಾದ್ರೆ ಅನುಭವ ಐತಲ್ಲ," ಎಂದು ಹೆಡ್‌ಮಾಸ್ಟರು ಪ್ರಸಾದ ಬಾಯಿಗೆ ಹಾಕಿಕೊಂಡರು.

ಮಮತ ಮಿಸ್ ಶಿವಗಂಗೆ ಕಡೆಯವರು. ಆ ಬೆಟ್ಟದ ತಪ್ಪಲಲ್ಲಿ ನಿಂತು ತುದಿಯಲ್ಲಿದ್ದ ಅಣ್ಣನನ್ನು ಊಟಕ್ಕೆ ಕರೆದು ಬೆಳೆದ ದನಿ ಅದು. ಅವರು ಹಾಜರಿ ಕೂಗಿ ಕೂಗಿ, ಈಗ ಹುಣಸೆತೋಪಿನ ಗಿಳಿಗಳು ಬೆಳಗಾದರೆ "ಪ್ರೆಸೆಂಟ್ ಮಿಸ್" ಅನ್ನುತ್ತವೆ. ನಂಬದವರು ಬಂದು ಕೇಳಬಹುದು. ಭಾನುವಾರ ಬೇಡ, ಗಿಳಿಗಳಿಗೂ ರಜೆ.

ಮಕ್ಕಳ ಮುಂದಿನ ಓದಿನ ಬಗ್ಗೆ ಮಿಸ್ ಹೇಳುತ್ತಾರಂತೆ ಎಂಬ ಸುದ್ದಿ ಹಬ್ಬಿದ್ದೇ ತಡ, ಊರಿನವರು ಅದನ್ನು ತಮಗೆ ತಿಳಿದಂತೆ ತಿಳಿದುಕೊಂಡರು. ಪೋಷಕರ ಸಭೆಗೆ ಎಲೆ ಅಡಿಕೆ, ತೆಂಗಿನಕಾಯಿ, ಮಗುವಿನ ಜಾತಕ ಹಿಡಿದೇ ಬಂದರು. "ನೋಡಿ ಮಿಸ್, ನಮ್ಮ ಹುಡುಗನಿಗೆ ಕಾಮರ್ಸ್ ಕೂಡಿ ಬರುತ್ತಾ, ಇಲ್ಲ ದೋಷ ಐತಾ?" ಬೇರೆ ಯಾರಾದರೂ ಆಗಿದ್ದರೆ ಗದರಿಸಿ ಕಳಿಸುತ್ತಿದ್ದರು. ಮಿಸ್ ತೆಂಗಿನಕಾಯಿಗಳನ್ನು ಬಿಸಿಯೂಟದ ಅಡುಗೆಮನೆಗೆ ಕಳಿಸಿದರು. ಆಮೇಲೆ ಹೇಳಿದರು:

"ನನ್ನ ಮದುವೆಗೆ ಮುಂಚೆ ನಮ್ಮಪ್ಪ ಹನ್ನೊಂದು ಜನ ನೆಂಟರನ್ನ ಕಟ್ಕೊಂಡು ಗಂಡಿನ ಮನೆ ನೋಡೋಕೆ ಹೋಗಿದ್ರು. ಬಾವಿ ಬಗ್ಗಿ ನೋಡಿದ್ರು, ಹಸೂನ ಬಾಯಿ ಬಿಡಿಸಿ ಹಲ್ಲು ಎಣಿಸಿದ್ರು. ಅದೇ ಅಪ್ಪ ನನ್ನನ್ನ ಟೀಚರ್ ಟ್ರೈನಿಂಗಿಗೆ ಹಾಕೋವಾಗ ಒಂದು ಸ್ಕೂಲ್ ಗೇಟೂ ದಾಟಿ ನೋಡಿರಲಿಲ್ಲ. ಗಂಡನ ಜೊತೆಗಿಂತ ಜಾಸ್ತಿ ಹೊತ್ತು ನಾನು ಈ ಕೆಲಸದ ಜೊತೆ ಸಂಸಾರ ಮಾಡ್ತಾ ಇದ್ದೀನಿ. ಜಾತಕ ಆಮೇಲೆ. ಮೊದಲು ಕೆಲಸದ ಮನೆ ನೋಡ್ಕೊಂಡು ಬನ್ನಿ."

ಈ ಮಾತು ಊರಿಗೆ ಅರ್ಥವಾಯಿತು. ವೃತ್ತಿ ಮಾರ್ಗದರ್ಶನಕ್ಕೆಂದು ಸರ್ಕಾರ ಅಚ್ಚು ಹಾಕಿಸಿದ ಬಣ್ಣದ ಪುಸ್ತಕ ಅರ್ಥವಾಗಿರಲಿಲ್ಲ.

ಇದರ ನಿಜವಾದ ಪರೀಕ್ಷೆ ನಡೆದದ್ದು ಆದಿನಾರಾಯಣಪ್ಪನ ಮೊಮ್ಮಗಳು ಅಕ್ಷತಳ ವಿಷಯದಲ್ಲಿ. ಹುಡುಗಿಗೆ ಐಟಿಐ ಸೇರಿ ಫ್ರಿಜ್, ಎಸಿ ರಿಪೇರಿ ಕಲಿಯುವ ಆಸೆ. ಮನೆಯ ಫ್ರಿಜ್ಜನ್ನು ಬಿಚ್ಚಿ ಜೋಡಿಸಿದ್ದಳು. ಆಮೇಲೆ ಅದರಲ್ಲಿಟ್ಟ ಮಜ್ಜಿಗೆ ಎಷ್ಟು ಗಟ್ಟಿಯಾಯಿತೆಂದರೆ, ಅಜ್ಜಿ ಬೈರಮ್ಮ ಅದನ್ನು ಕೊಡಲಿಯಿಂದ ಒಡೆದು ಬಡಿಸಿದರು. ತಾತನ ತೀರ್ಮಾನ ಬೇರೆ: ಪಿಯುಸಿ ಸೈನ್ಸ್, ಆಮೇಲೆ ಡಾಕ್ಟರು. ನಮ್ಮೂರ ತಾತಂದಿರೆಲ್ಲರ ಮಾತು ನಡೆದಿದ್ದರೆ ಇಷ್ಟು ಹೊತ್ತಿಗೆ ಎಮ್ಮೆಗೊಬ್ಬ ಡಾಕ್ಟರು ಇರುತ್ತಿದ್ದ.

"ಸೋಮವಾರ ಕಾಲೇಜಿಗೆ ಸೇರಿಸ್ತೀನಿ," ಎಂದರು ಆದಿನಾರಾಯಣಪ್ಪ. "ಸ್ಪ್ಯಾನರ್ ಹಿಡಿಯೋ ಹೆಣ್ಣನ್ನ ಯಾವನು ಒಪ್ತಾನೆ?"

"ಇವತ್ತು ಶನಿವಾರ," ಎಂದರು ಮಿಸ್. "ಮನೆ ನೋಡ್ಕೊಂಡು ಬರೋಣ. ನಿಮಗೆ ಒಪ್ಪಿಗೆ ಆಗ್ಲಿಲ್ಲ ಅಂದ್ರೆ ನಾನು ಮತ್ತೆ ಬಾಯಿ ತೆಗೆಯಲ್ಲ."

ಮಮತ ಮಿಸ್ ಬಾಯಿ ತೆಗೆಯುವುದಿಲ್ಲ ಎಂಬ ಆಸೆಗಾದರೂ ಒಪ್ಪಲೇಬೇಕು. ತಾತ ಒಂದು ಷರತ್ತು ಹಾಕಿದರು: "ಶಾಸ್ತ್ರ ಅಂದ್ಮೇಲೆ ಪೂರ್ತಿ ಶಾಸ್ತ್ರ. ಸಂಬಂಧ ಒಪ್ಪೋವರೆಗೂ ಆ ಮನೇಲಿ ತೊಟ್ಟು ನೀರೂ ಮುಟ್ಟಲ್ಲ."

ಅಕ್ಷತಳ ಅಪ್ಪ ಕೆಂಪರಾಜ್ ಟೆಂಪೊ ತೆಗೆದ. ಬೈರಮ್ಮ ರೇಷ್ಮೆ ಸೀರೆ ಉಟ್ಟರು. ದಾರಿಯಲ್ಲಿ ಕೈ ಮಾಡಿದ ನೆಂಟರೂ ಹತ್ತಿಕೊಂಡರು. ಎಲ್ಲಿಗೆ ಎಂದು ಅರ್ಧ ಜನ ಕೇಳಲೂ ಇಲ್ಲ. ದಿಬ್ಬಣ ಹೋಗಿ ನಿಂತದ್ದು ದೊಡ್ಡಬಳ್ಳಾಪುರ ರಸ್ತೆಯಲ್ಲಿರುವ ಹೂವಿನ ಕೋಲ್ಡ್ ಸ್ಟೋರೇಜಿನ ಮುಂದೆ. ಅಂದಿನ ಬಿಸಿಲಿಗೆ ರಸ್ತೆಯ ಡಾಂಬರು ಕರಗಿ ಹಳ್ಳದ ಕಡೆ ಹರಿಯುತ್ತಿತ್ತು.

ಯಂತ್ರಗಳನ್ನು ನೋಡಿಕೊಳ್ಳುವವಳು ಹೊಸಕೋಟೆ ಕಡೆಯ ಕವಿತ. ಐಟಿಐ ಓದಿದವಳು, ನೀಲಿ ಅಂಗಿ, ಕತ್ತಿನಲ್ಲಿ ತಾಳಿ. ಒಳಗೆ ಹೋಗುವ ಮೊದಲು ಎಲ್ಲರಿಗೂ ದಪ್ಪ ಕೋಟು ಕೊಟ್ಟಳು.

"ಅವರ ಮನೆ ಬಟ್ಟೆ ತೊಟ್ರೆ ಒಪ್ಪಿದಂಗೆ," ಎಂದು ತಾತ ಬೇಡವೆಂದರು.

ಒಳಗೆ ಗುಲಾಬಿಯ ಮೊಗ್ಗುಗಳು ಡಬ್ಬಗಳಲ್ಲಿ ನಿದ್ದೆ ಹೋಗಿದ್ದವು. ಬಾಗಿಲು ಮುಚ್ಚಿತು. ಆಡಿದ ಮಾತು ಬಾಯಿಯಿಂದ ಹೊಗೆಯಾಗಿ ಹೊರಟು, ಅಲ್ಲೇ ಹೆಪ್ಪುಗಟ್ಟಿ ನೆಲಕ್ಕೆ ಬಿತ್ತು. ಆದಿನಾರಾಯಣಪ್ಪನ ಮೀಸೆ ಎರಡೂ ಕಡೆ ಸೂಜಿಯಾಗಿ ನಿಂತಿತು. ಆದರೂ ಬಿಡದೆ, ಹಲ್ಲು ಕಟಕಟಿಸುತ್ತಲೇ ವಿಚಾರಣೆ ನಡೆಸಿದರು.

"ಏನಮ್ಮಾ, ಮನೇಲಿ ಯಾರ್ಯಾರಿದ್ದಾರೆ?"

"ಅತ್ತೆ, ಯಜಮಾನ್ರು, ಮಗಳು."

"ಅತ್ತೆ ಏನೂ ಅನ್ನಲ್ವ?"

"ಅಂತಾರೆ. ಮನೆ ಫ್ಯಾನ್ ಇನ್ನೂ ಯಾಕೆ ರಿಪೇರಿ ಮಾಡಿಲ್ಲ ಅಂತ ದಿನಾ ಅಂತಾರೆ."

ಬೈರಮ್ಮ ಕೋಟಿನೊಳಗಿಂದ, "ಒಳ್ಳೆ ಸಂಬಂಧ. ಬೇಸಿಗೆ ಮುಗಿಯೋವರೆಗೂ ನಾನಿಲ್ಲೇ ಇರ್ತೀನಿ" ಎಂದರು.

ಹೊರಗೆ ಬಂದು ಎಲ್ಲರೂ ಜಗಲಿಯಲ್ಲಿ ಕುಳಿತರು. ಬಿಸಿಲು ಮತ್ತೆ ಹಿಡಿದುಕೊಂಡಿತು. ತಾತನ ಮೀಸೆ ಕರಗಿ ಬೆವರು ಇಳಿಯತೊಡಗಿತು. ಕವಿತ ಲೋಟಗಳಲ್ಲಿ ಬಿಸಿ ಕಾಫಿ ತಂದಿಟ್ಟಳು. ನೆಂಟರೆಲ್ಲ ತಾತನ ಮುಖ ನೋಡಿದರು. ತಾತ ಮುಟ್ಟಲಿಲ್ಲ.

"ಹುಡುಗಿ ಎಲ್ಲಿ?" ಎಂದರು.

ಯಂತ್ರದ ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಅಕ್ಷತ ಕಬ್ಬಿಣದ ಪೈಪಿನ ಪಕ್ಕ ಕುಕ್ಕರಗಾಲಲ್ಲಿ ಕುಳಿತು, ಅದಕ್ಕೆ ಕಿವಿಕೊಟ್ಟು ಏನೋ ಕೇಳುತ್ತಿದ್ದಳು. ಕೆನ್ನೆಗೆ ಗ್ರೀಸು ಮೆತ್ತಿತ್ತು. ತಾತ ಬಂದು ನಿಂತದ್ದು ಅವಳಿಗೆ ಗೊತ್ತಾಗಲಿಲ್ಲ. ಯುಗಾದಿಗೆ ಹೊಸ ಲಂಗ ತಂದುಕೊಟ್ಟಾಗಲೂ, ನೂರಕ್ಕೆ ತೊಂಬತ್ತು ಅಂಕ ಬಂದಾಗಲೂ ಆ ಮುಖದಲ್ಲಿ ಅಂಥ ಬೆಳಕನ್ನು ಅವರು ಕಂಡಿರಲಿಲ್ಲ. ಅವಳನ್ನು ಕರೆಯದೆ ವಾಪಸು ಬಂದು ಜಗಲಿಯಲ್ಲಿ ಕುಳಿತರು. ಬೋಳುತಲೆಯ ಬೆವರನ್ನು ಟವೆಲಿನಲ್ಲಿ ಒರೆಸಿಕೊಂಡು ಲೋಟಕ್ಕೆ ಕೈ ಹಾಕಿದರು.

"ಮುಟ್ಟಲ್ಲ ಅಂದ್ರಲ್ಲ?" ಎಂದರು ಬೈರಮ್ಮ.

"ಚಳಿ ಕಣೇ," ಎಂದರು ತಾತ, ಬೆವರು ಕಾಫಿಯೊಳಗೆ ತೊಟ್ಟಿಕ್ಕದಂತೆ ಲೋಟವನ್ನು ಆಚೆ ಹಿಡಿದು. ಸೊರ್ ಎಂದು ಒಂದು ಗುಟುಕು ಎಳೆದರು. "ಸಕ್ಕರೆ ಕಮ್ಮಿ. ಇನ್ಮೇಲೆ ಬರ್ತಾ ಹೋಗ್ತಾ ಇರ್ತೀವಲ್ಲ, ಆಗ ಸರಿ ಮಾಡ್ಕೊಡಮ್ಮ."

ನೆಂಟರೆಲ್ಲ ಒಟ್ಟಿಗೆ ಲೋಟ ಎತ್ತಿದರು. ಮಮತ ಮಿಸ್‌ಗೆ ಇನ್ನು ತಡೆಯಲಾಗಲಿಲ್ಲ; ಎದ್ದು ನಿಂತು "ಅಕ್ಷತಾ" ಎಂದು ಕರೆದರು. ಆ ಕೂಗಿಗೆ ಹತ್ತಿರದ ಏರ್‌ಪೋರ್ಟಿನ ರನ್‌ವೇಯಲ್ಲಿ ಇಳಿಯಬೇಕಿದ್ದ ಒಂದು ವಿಮಾನ ಮತ್ತೆ ಮೇಲಕ್ಕೆ ಏರಿತೆಂದು ಕೆಂಪರಾಜ್ ಈಗಲೂ ಆಣೆ ಮಾಡುತ್ತಾನೆ.

ಯಂತ್ರದ ಕೋಣೆಯಿಂದ ಉತ್ತರ ಬಂತು:

"ಪ್ರೆಸೆಂಟ್ ಮಿಸ್."