ಬನಶಂಕರಿಯಲ್ಲಿ ಜವಳ, ಬಾಗಲಕೋಟೆಯಲ್ಲಿ ಆಪರೇಶನ್

ಇಳಕಲ್ಲಿನಿಂದ ಬೆಳಗಿನ ಮೊದಲ ಬಸ್ಸಿಗೆ ನಾವು ಮೂವರು ಹೆಂಗಸರು ಮತ್ತು ಒಂದು ಕೂಸು ಹತ್ತಿದೆವು. ನಾನು, ನನ್ನ ಮಗಳು ರೇಖಾ, ಅವಳ ಅತ್ತೆ ಗೌರವ್ವ. ಕೂಸು ರೇಖಾಳ ಮಗ ಸಮರ್ಥ, ಹದಿನಾಲ್ಕು ತಿಂಗಳಿನವನು. ಅಳಿಯ ಫೌಜಿನಲ್ಲಿದ್ದಾನೆ, ರಜೆ ಸಿಕ್ಕಿರಲಿಲ್ಲ. ಸರಕಾರಿ ಬಸ್ಸು ಹೆಂಗಸರಿಗೆ ಪುಕ್ಕಟೆಯಾದ್ದರಿಂದ ಕಂಡಕ್ಟರ್ ಆಧಾರ ಕಾರ್ಡು ನೋಡಿ ಶೂನ್ಯ ದರದ ಮೂರು ಟಿಕೆಟ್ಟು ಕೊಟ್ಟ. ಬಟ್ಟೆಗೊಂದು, ಕೂಸಿಗೊಂದು ಎಂದು ನಾನು ಎರಡೇ ಚೀಲ ಕಟ್ಟಿದ್ದೆ. ಗೌರವ್ವ ಸೆರಗಿನ ಅಡಿಯಲ್ಲಿ ಮೂರನೆಯದೊಂದನ್ನು ಮುಚ್ಚಿಕೊಂಡು ತಂದಿದ್ದರು.

"ಇದೇನ್ರೀ ಬೀಗತ್ಯಾರ?"

"ದೇವೀಗೆ ಉಡಿ ಸಾಮಾನ್ರಿ. ವಾರ್ಡನ್‌ಬಾಯಾರ ಪರವಾನಗಿ ಬೇಕಾಗಿತ್ತೇನ?"

ನಾನು ಹೆಣ್ಣುಮಕ್ಕಳ ವಸತಿ ನಿಲಯದ ವಾರ್ಡನ್ ಆಗಿ ನಿವೃತ್ತಳಾದವಳು. ಬೀಗರ ಮನೆಯಲ್ಲಿ ನನಗೆ ಅದೇ ಹೆಸರು ನಿಂತಿದೆ.

ಈ ಪ್ರಯಾಣದ ಕಾರಣ ಹೇಳಿಬಿಡುತ್ತೇನೆ. ಸಮರ್ಥನಿಗೆ ಆರು ತಿಂಗಳಿದ್ದಾಗ, ಎಣ್ಣೆ ಹಚ್ಚಿ ಎರೆಯುವ ಹೊತ್ತಿನಲ್ಲಿ, ಅವನ ಎಡಗಡೆಯ ಬೀಜ, ಅಂದರೆ ವೃಷಣ, ಅದರ ಚೀಲದಲ್ಲಿ ಇಲ್ಲದ್ದು ನನ್ನ ಕೈಗೆ ತಿಳಿಯಿತು. ಗೌರವ್ವ ನಕ್ಕರು. "ಚಳಿಗೆ ಮ್ಯಾಲ ಸರದಿರತೈತ್ರಿ. ಬ್ಯಾಸಗಿ ಬಂದ್ರ ತಾನ ಇಳೀತೈತಿ." ಬೇಸಗೆ ಬಂತು, ಹೋಯಿತು. ಅದು ಇಳಿಯಲಿಲ್ಲ. ಬಾಗಲಕೋಟೆಯ ಮಕ್ಕಳ ಶಸ್ತ್ರವೈದ್ಯರು ಕೈಯಿಂದ ಮುಟ್ಟಿ ನೋಡಿ, ಅದು ತೊಡೆಯ ಸಂದಿನಲ್ಲೇ ನಿಂತಿದೆ ಎಂದರು. ಹುಟ್ಟುವ ಮೊದಲು ಹೊಟ್ಟೆಯೊಳಗಿಂದ ಕೆಳಗಿಳಿದು ಬರಬೇಕಾದದ್ದು ಕೆಲವು ಮಕ್ಕಳಲ್ಲಿ ನಡುದಾರಿಯಲ್ಲೇ ಉಳಿಯುತ್ತದೆಯಂತೆ. ಆರು ತಿಂಗಳ ಮೇಲೆ ತಾನಾಗಿ ಇಳಿಯುವುದು ಅಪರೂಪ. ಮೈಯೊಳಗಿನ ಕಾವು ಅದಕ್ಕೆ ಒಗ್ಗುವುದಿಲ್ಲ. ಬಿಟ್ಟರೆ ಮುಂದೆ ಮಕ್ಕಳಾಗುವುದಕ್ಕೆ ತೊಡಕಾಗಬಹುದು, ಗಂಟು ಬೆಳೆಯುವ ಭಯವೂ ಹೆಚ್ಚು. ಒಂದೂವರೆ ವರ್ಷದೊಳಗೆ ಕೆಳಗಿಳಿಸಿ ಹೊಲಿಗೆ ಹಾಕುವುದು ಒಳ್ಳೆಯದು ಎಂದು ಅವರು ಹೇಳಿದ್ದರು.

ಗೌರವ್ವ ಎರಡು ಮಾತಿಗೆ ಗಟ್ಟಿಯಾಗಿ ನಿಂತರು. ಮೊದಲನೆಯದು, ಮನೆದೇವರು ಬನಶಂಕರಿಯ ಮುಂದೆ ಜವಳ ತೆಗೆಸದೆ ಕೂಸಿನ ಮೈಗೆ ಲೋಹ ಮುಟ್ಟಬಾರದು. ಅವರ ಮನೆಯಲ್ಲಿ ಜವಳ ಮೂರನೆಯ ವರ್ಷಕ್ಕೆ. ಅಲ್ಲಿಯವರೆಗೆ ಕಾಯುವಂತಿಲ್ಲ ಎಂದು ನಾನು ಹಟ ಹಿಡಿದೆ. ಕಡೆಗೆ ಜವಳವನ್ನೇ ಬೇಗ ಮಾಡಿಸುವುದೆಂದಾಯಿತು. ಎರಡನೆಯದು, ಯಾರು ಕೇಳಿದರೂ ಹರ್ನಿಯಾ ಎನ್ನಬೇಕು. "ನಾಳೆ ಹೆಣ್ಣು ಕೊಡಾವ್ರು ಬಾಯಿಗೆ ಬಂದಂಗ ಮಾತಾಡ್ತಾರ್ರಿ." ಹದಿನಾಲ್ಕು ತಿಂಗಳಿನವನ ಲಗ್ನದ ಚಿಂತೆ! ಆದರೂ ಒಪ್ಪಿದೆ.

ಹುನಗುಂದದಲ್ಲಿ ಬಸ್ಸು ಬದಲಿಸಿದೆವು. ಕೋರ್ಟಿಗೆ ಬಂದ ಮಂದಿ ಬಗಲಲ್ಲಿ ಕಾಗದದ ಕಟ್ಟು ಹಿಡಿದು ಚಹಾ ಕುಡಿಯುತ್ತಿದ್ದರು. ಶ್ರಾವಣದ ಮೋಡ ಕವಿದಿತ್ತು, ಮಳೆ ಇರಲಿಲ್ಲ. ದಾರಿಯುದ್ದಕ್ಕೂ ಹೆಸರಿನ ಹೊಲಗಳಲ್ಲಿ ಹೆಂಗಸರು ಕಾಯಿ ಬಿಡಿಸುತ್ತಿದ್ದರು. ಅಮೀನಗಡದಲ್ಲಿ ಗೌರವ್ವ ಕಿಟಕಿಯಿಂದಲೇ ಕರದಂಟು ಕೊಂಡು ಮೂರನೆಯ ಚೀಲಕ್ಕೆ ಸೇರಿಸಿದರು. ಬಾದಾಮಿ ನಿಲ್ದಾಣದಲ್ಲಿ ಒಂದು ಮಂಗ ಅದೇ ಚೀಲಕ್ಕೆ ಕೈಹಾಕಿ ಉಡಿಯ ಬಾಳೆಹಣ್ಣು ಎಳೆದುಕೊಂಡು ಹೋಯಿತು. ಕರದಂಟು ಉಳಿಯಿತು. ನನ್ನ ಎರಡು ಚೀಲಗಳ ಕಡೆಗೆ ಅದು ತಿರುಗಿಯೂ ನೋಡಲಿಲ್ಲವೆಂದು ನಾನು ಹೇಳಿಯೇ ಬಿಟ್ಟೆ.

ಬನಶಂಕರಿಯ ಹೊಂಡದ ಕಲ್ಲುಮಂಟಪದಲ್ಲಿ ಕ್ಷೌರಿಕ ಕಾಯುತ್ತಿದ್ದ. ಸೋದರಮಾವನ ತೊಡೆಯ ಮೇಲೆ ಕೂಸನ್ನು ಕೂರಿಸಬೇಕು. ನನಗೆ ಗಂಡುಮಕ್ಕಳಿಲ್ಲ. ಗೌರವ್ವ ಅತ್ತಿತ್ತ ನೋಡುತ್ತಿರುವಾಗ ನಾನೇ ಚಕ್ಕಳಮಕ್ಕಳ ಹಾಕಿ ಕುಳಿತೆ.

"ನಡೀತೈತೇನಪಾ ಇದು?" ಎಂದು ಅವರು ಕ್ಷೌರಿಕನನ್ನು ಕೇಳಿದರು.

"ನಡೀತೈತ್ರಿ. ಕೂಸು ಅಲಗಾಡದಂಗ ಹಿಡದ್ರ ಸಾಕು. ಈ ಅಮ್ಮಾರು ಹಿಡದದ್ದು ನೋಡಿದ್ರ ನಾನೂ ಅಲಗಾಡಂಗಿಲ್ಲ."

ಕೂಸು ಅತ್ತು ಅತ್ತು ಕೆಂಪಾಯಿತು, ಬೋಳಾಯಿತು. ನೆಗಡಿಯಾದರೆ ಮರುದಿನದ ಆಪರೇಶನ್ ಮುಂದೆ ಹೋಗುತ್ತದೆಂದು ಹೊಂಡದ ನೀರು ಬೇಡವೆಂದೆ. ಚಹಾದಂಗಡಿಯಿಂದ ಬಿಸಿನೀರು ತರಿಸಿ ತಲೆ ತೊಳೆದೆವು. ಗುಡಿಯಲ್ಲಿ ಉಡಿ ತುಂಬಿಸಿ, ಪ್ರಸಾದದ ಪೇಡೆಗಳನ್ನು ಗೌರವ್ವ ಸೆರಗಿಗೆ ಗಂಟು ಹಾಕಿಕೊಂಡರು. ಹೊರಗೆ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸಿನ ಹತ್ತಿರ ಜೋಳದ ರೊಟ್ಟಿ, ಕಾಳುಪಲ್ಯ, ಕೆಂಪು ಚಟ್ನಿ, ಕುಡಿಕೆಯ ಮೊಸರು ಉಂಡು ಬಾಗಲಕೋಟೆಯ ಬಸ್ಸು ಹಿಡಿದೆವು. ಊರು ಹತ್ತಿರವಾದಾಗ ಹಿನ್ನೀರು ಬೂದು ಬಣ್ಣಕ್ಕೆ ಹರಡಿಕೊಂಡಿತ್ತು. ರೇಖಾ ಅದನ್ನೇ ನೋಡುತ್ತ, "ಅವ್ವಾ, ಅವನ್ನ ಒಳಗ ಒಯ್ಯೂವಾಗ ನನಗ ಬಿಡ್ತಾರೇನ?" ಎಂದಳು. ಬಿಡುವುದಿಲ್ಲವೆಂದು ಗೊತ್ತಿತ್ತು. ಹೇಳಿದೆ.

ಸಂಜೆ ಆಸ್ಪತ್ರೆಯಲ್ಲಿ ನಿಯಮ ತಿಳಿಸಿದರು. ಮಧ್ಯರಾತ್ರಿಯ ನಂತರ ತಿನ್ನಲು ಏನೂ ಇಲ್ಲ. ತಾಯಿಯ ಹಾಲು ಬೆಳಗಿನ ಜಾವದವರೆಗೆ. ಇಂಥ ಕೆಲಸ ನನಗೆ ಹೇಳಿ ಮಾಡಿಸಿದಂತಿತ್ತು. ಬಿಸ್ಕೀಟು, ಕರದಂಟು ಎಲ್ಲವನ್ನೂ ಚೀಲಕ್ಕೆ ತುಂಬಿ ಮಂಚದ ಕೆಳಗೆ ನೂಕಿದೆ. ಬೆಳಿಗ್ಗೆ ಕೂಸು ಹಸಿದು ಅಳತೊಡಗಿತು. ರೇಖಾ ನೋಡಲಾರದೆ ಹೊರಗೆ ಹೋದಳು. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಗೌರವ್ವನ ಹೆಗಲ ಮೇಲೆ ಸುಮ್ಮನಾಗಿತ್ತು. ಅಜ್ಜಿಯ ಕೈಗುಣ ಅಂದುಕೊಂಡೆ.

ನರ್ಸ್ ಬಂದು, "ಏನರ ತಿನಿಸೀರೇನ್ರಿ?" ಎಂದಳು.

"ಏನೂ ಇಲ್ಲ," ಎಂದು ನಾನೇ ಉತ್ತರ ಕೊಟ್ಟೆ. ಅವಳು ಕೂಸನ್ನು ಎತ್ತಿಕೊಂಡು ನಡೆದಳು. ಬಾಗಿಲ ತನಕ ಜೊತೆಯಲ್ಲೇ ಹೋದ ಗೌರವ್ವ, ಬಾಗಿಲು ತೆರೆದಾಗ ಅವಳ ತೋಳು ಹಿಡಿದರು.

"ತಡಿಯವ್ವಾ ತಂಗಿ. ಅರ್ಧಾ ಪೇಡೆ ಬಾಯಾಗ ಹಾಕೇನಿ. ಪ್ರಸಾದ ಅದು. ಊಟ ಅಲ್ಲಲಾ?"

ನರ್ಸ್ ಅಲ್ಲೇ ನಿಂತಳು. ಅರಿವಳಿಕೆಯ ವೈದ್ಯರು ಹೊರಗೆ ಬಂದರು. ಸಿಟ್ಟಾಗಲಿಲ್ಲ. "ಅಜ್ಜಿ, ಅದು ಪ್ರಸಾದ ಅಂತ ಹೊಟ್ಟಿಗೆ ತಿಳಿಯೂದಿಲ್ರಿ. ಎಚ್ಚರ ತಪ್ಪಿದಾಗ ತಿಂದದ್ದು ಮ್ಯಾಲ ಬಂದು ಪುಪ್ಪುಸಕ್ಕ ಹೋತಂದ್ರ ಕೂಸಿನ ಜೀವಕ್ಕ ಬರತೈತಿ. ಹೇಳಿದ್ರಿ, ಛಲೋ ಮಾಡಿದ್ರಿ." ಮಧ್ಯಾಹ್ನದ ಮೇಲೆ ಹೊತ್ತು ಸಿಕ್ಕರೆ ಮಾಡುತ್ತೇವೆ, ಇಲ್ಲದಿದ್ದರೆ ಇನ್ನೊಂದು ದಿನ ಎಂದು ಒಳಗೆ ಹೋದರು.

ರೇಖಾ ಅತ್ತೆಯ ಕಡೆ ನೋಡದೆ ಕೂಸನ್ನು ಎದೆಗವಚಿಕೊಂಡು ಕೂತಳು. ನನ್ನ ನಾಲಿಗೆಯ ಮೇಲೆ ಬೈಗುಳ ಸಿದ್ಧವಾಗಿತ್ತು. ಆದರೆ ನನಗೆ ನನ್ನ ವಸತಿ ನಿಲಯದ ಉಪವಾಸದ ದಿನಗಳು ನೆನಪಾದವು. ತಟ್ಟೆ ತುಂಬ ಸಾಬೂದಾನಿ ತಿಂದ ಹುಡುಗಿಯರು "ಏನೂ ತಿಂದಿಲ್ರಿ" ಎನ್ನುತ್ತಿದ್ದರು. ಅವರ ಲೆಕ್ಕದಲ್ಲಿ ಅದು ಸುಳ್ಳಲ್ಲ. ತಿನ್ನುವುದು ಬೇರೆ, ಉಪವಾಸದ ಫರಾಳ ಬೇರೆ, ಪ್ರಸಾದ ಬೇರೆ. ನಾನು ಮಂಚದ ಕೆಳಗೆ ಚೀಲ ನೂಕಿದೆ, ಸೆರಗಿನ ಗಂಟನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಗೌರವ್ವ ಬಾಯಿ ಬಿಡದಿದ್ದರೆ ಏನಾಗುತ್ತಿತ್ತು ಎಂಬುದನ್ನು ನೆನೆಯಲು ಇಂದಿಗೂ ಮನಸ್ಸಿಲ್ಲ. ಎಲ್ಲರ ಮುಂದೆ, ಸೊಸೆಯ ಮುಂದೆ, ಈ ವಾರ್ಡನ್‌ಬಾಯಿಯ ಮುಂದೆ ತಮ್ಮ ಕೈಯ ಕೆಲಸ ತಾವೇ ಒಪ್ಪಿಕೊಂಡರಲ್ಲ! ಹೋಗಿ ಪಕ್ಕದಲ್ಲಿ ಕುಳಿತೆ.

"ಬೈರಿ ಒಮ್ಮೆ," ಅಂದರು.

"ಚಹಾ ಕುಡದು ಬೈತೇನಿ, ಬರ್ರಿ."

ಮಧ್ಯಾಹ್ನ ಕಳೆದ ಮೇಲೆ ಕರೆದರು. ಬಾಗಿಲ ಬಳಿ ರೇಖಾ ಮಗನನ್ನು ನರ್ಸ್ ಕೈಗೆ ಕೊಡಲಿಲ್ಲ. ಅತ್ತೆಯ ಕೈಗೆ ಕೊಟ್ಟಳು, ಅತ್ತೆ ನರ್ಸ್‌ಗೆ ಕೊಟ್ಟರು. ಆ ಕೊಡುಕೊಳ್ಳುವಿಕೆಯಲ್ಲಿ ಮನೆಯ ಜಗಳ ಮುಗಿಯಿತು. ಆಮೇಲೆ ಮೂವರೂ ಒಂದೇ ಬೆಂಚಿನ ಮೇಲೆ ಕೂತೆವು. ಕೊನೆಗೆ ಶಸ್ತ್ರವೈದ್ಯರು ಬಂದು ಸಂದಿನಲ್ಲೊಂದು, ಚೀಲದಲ್ಲೊಂದು ಸಣ್ಣ ಗೀರು ಹಾಕಿದ್ದಾಗಿ ಹೇಳಿದರು. ಬೀಜ ಆರೋಗ್ಯವಾಗಿತ್ತು, ನಾಳ ಸಾಕಷ್ಟು ಉದ್ದವಿತ್ತು, ಎಳೆದು ಬಿಗಿಯದೆ ಕೆಳಗೆ ಕೂತಿತು. ದೊಡ್ಡವನಾದ ಮೇಲೆ ತಾನೇ ಮುಟ್ಟಿ ನೋಡಿಕೊಳ್ಳಲು ಕಲಿಸಿ ಎಂದರು. ಸಮರ್ಥ ಕಣ್ಣು ಬಿಟ್ಟು, ಮೊದಲು ತನ್ನ ಬೋಳು ತಲೆ ಮುಟ್ಟಿಕೊಂಡು ಅತ್ತ.

ಮರುದಿನ ಬಿಡುಗಡೆಯಾಯಿತು. ಗಾಯ ತೋರಿಸುವವರೆಗೆ ನವನಗರದ ಪರಿಚಯದವರ ಮನೆಯಲ್ಲಿ ಉಳಿದು, ಬಳಿಕ ಹುನಗುಂದದ ಮೇಲೆ ಲಿಂಗಸುಗೂರಿಗೆ ಹೋಗುವ ಬಸ್ಸು ಹತ್ತಿದೆವು. ಮುಂದಿನ ಸೀಟಿನಲ್ಲಿ ನಮ್ಮ ವಯಸ್ಸಿನ ಹೆಂಗಸೊಬ್ಬಳು ತೊಡೆಯ ಮೇಲೆ ಗಂಡುಕೂಸು ಮಲಗಿಸಿಕೊಂಡಿದ್ದಳು. ಸಮರ್ಥನ ತಲೆ ನೋಡಿ ಜವಳ ಆಯಿತೇ ಎಂದಳು. ಆಸ್ಪತ್ರೆಯ ಚೀಲ ನೋಡಿ, "ಏನಾಗಿತ್ತಬೇ ಕೂಸಿಗೆ?" ಎಂದಳು.

ಕೊಟ್ಟ ಮಾತಿನಂತೆ ಹರ್ನಿಯಾ ಎನ್ನಲು ನಾನು ಬಾಯಿ ತೆರೆದೆ. ಗೌರವ್ವ ನನ್ನ ಮೊಣಕೈ ಒತ್ತಿದರು.

"ಬೀಜ ಇಳದಿರಲಿಲ್ಲಬೇ. ಇಳಿಸಿ ಹೊಲಿಗಿ ಹಾಕಿದ್ರು. ಬ್ಯಾಸಗಿಗೆ ಇಳೀತೈತಿ ಅಂತ ನಾನೂ ಅಂದಿದ್ನಿ, ಸುಳ್ಳದು. ಆರು ತಿಂಗಳಾದ್ರೂ ಇಳೀಲಿಲ್ಲಂದ್ರ ದಾಕ್ತರ್ಗೆ ತೋರ್ಸು. ನಿನ್ನ ಮೊಮ್ಮಗನೇನ? ಎಣ್ಣಿ ಹಚ್ಚೂವಾಗ ನೋಡೀಯೋ ಇಲ್ಲೋ?"

ಹಿಂದಿನ ಸೀಟಿನ ಗಂಡಸರು ಕಿಟಕಿಯಾಚೆ ನೋಡತೊಡಗಿದರು. ಆ ಹೆಂಗಸು ಸೆರಗು ಬಾಯಿಗೆ ಹಿಡಿದು ನಕ್ಕಳು.

ಇಳಕಲ್ಲಿನ ಬಸ್ಸು ಹಿಡಿಯಲು ನಾವು ಹುನಗುಂದದಲ್ಲಿ ಇಳಿದೆವು. ಚೀಲ ಎಣಿಸಿಕೊಂಡು ನಾನು ಹಿಂತಿರುಗಿ ನೋಡಿದೆ. ಲಿಂಗಸುಗೂರಿನ ಬಸ್ಸು ಇನ್ನೂ ಅಲ್ಲೇ ನಿಂತಿತ್ತು. ಕಿಟಕಿಯೊಳಗೆ ಆ ಹೆಂಗಸು ಮಂದಿಗೆ ಬೆನ್ನು ತಿರುಗಿಸಿ, ಸೆರಗನ್ನು ಮರೆ ಮಾಡಿಕೊಂಡು, ಮೊಮ್ಮಗನ ಚಡ್ಡಿಯ ಲಾಡಿ ಬಿಚ್ಚುತ್ತಿದ್ದಳು.