ಲಿಫ್ಟ್ ಇಲ್ಲದ ಮನೆ

ಬಜಾಜ್ ನಗರದ ಆ ಮನೆಯನ್ನು ನೋಡಿದ ದಿನವೇ ನನಗದು ಬೇಕೇಬೇಕು ಅನ್ನಿಸಿತು. ಅನ್ನಿಸಿದ್ದನ್ನು ಮುಖದಲ್ಲಿ ತೋರಿಸಿಕೊಳ್ಳಬೇಡ ಎಂದು ನಮ್ಮವರು ಕೆಳಗೆ ಸ್ಕೂಟರ್ ನಿಲ್ಲಿಸುವಾಗಲೇ ಎಚ್ಚರಿಸಿದ್ದರು. ಆ ವಿಷಯದಲ್ಲಿ ನಾನು ಜಾಣೆ. ಅಡುಗೆಮನೆಯ ಕಿಟಕಿಗೆ ಒರಗಿದಂತಿದ್ದ ಬೇವಿನ ಮರ, ಬಟ್ಟೆ ಒಣಗಿಸಲು ಹಿಂದಿನ ಬಾಲ್ಕನಿ, ಕಾಲಿಗೆ ತಣ್ಣಗಿರುವ ಹಳೆಯ ಮೊಸಾಯಿಕ್ ನೆಲ, ಎಲ್ಲವನ್ನೂ ಕಣ್ಣಲ್ಲೇ ನನ್ನದು ಮಾಡಿಕೊಂಡು ಬಾಯಲ್ಲಿ ಮಾತ್ರ, "ಮೂರನೇ ಮಹಡಿ, ಲಿಫ್ಟ್ ಬೇರೆ ಇಲ್ಲ. ಹತ್ತೋದು ಕಷ್ಟ ಕಾಕು" ಎಂದೆ. ಮನೆಯೊಡತಿಯನ್ನು ಮೊದಲ ದಿನವೇ ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆದಿದ್ದೆ. ಚೌಕಾಸಿಗೆ ನಂಟಸ್ತಿಕೆ ಒಳ್ಳೆಯದು.

ನಮ್ಮವರು ವಾಯುಪಡೆಯಲ್ಲಿದ್ದರು. ಮದುವೆಯಾದಾಗಿನಿಂದ ನಾನು ಬದುಕಿದ್ದೆಲ್ಲ ಕ್ವಾರ್ಟರ್ಸ್‌ನಲ್ಲಿ. ಗೋಡೆಗೆ ಯಾವ ಬಣ್ಣ ಎಂದು ಯಾರೂ ನನ್ನನ್ನು ಕೇಳಿದ್ದಿಲ್ಲ, ಒಂದು ಮೊಳೆ ಹೊಡೆಯಲೂ ಹಿಂದೆಮುಂದೆ ನೋಡಬೇಕಿತ್ತು. ಅವರ ನಿವೃತ್ತಿಗೆ ಇನ್ನು ಒಂದೂವರೆ ವರ್ಷವಿತ್ತು. ಆಮೇಲೆ ಕ್ವಾರ್ಟರ್ಸ್ ಬಿಡಬೇಕು. ಮಗಳ ಕಾಲೇಜು ಇಲ್ಲೇ ಇದ್ದುದರಿಂದ ನಾಗಪುರದಲ್ಲೇ ಉಳಿಯುವುದೆಂದು ನಿರ್ಧರಿಸಿದ್ದೆವು.

ಆದರೆ ಆಗ ಮನೆಗಳ ವ್ಯಾಪಾರ ಮಲಗಿಬಿಟ್ಟಿತ್ತು. ಗೇಟುಗಳಿಗೆ ಕಟ್ಟಿದ 'ಮಾರಾಟಕ್ಕಿದೆ' ಬೋರ್ಡುಗಳು ಬಿಸಿಲಿಗೆ ಬಣ್ಣ ಕಳೆದುಕೊಂಡು ನೇತಾಡುತ್ತಿದ್ದವು. ದಲ್ಲಾಳಿ ಹಲ್ಲುಕಡ್ಡಿ ಆಡಿಸುತ್ತ, "ರುಕ್ ಜಾಯಿಯೇ ಮೇಡಂ, ಅಭೀ ಔರ್ ಗಿರೇಗಾ" ಎನ್ನುತ್ತಿದ್ದ. ಕಾಯಿರಿ, ಬೆಲೆ ಇನ್ನೂ ಬೀಳುತ್ತದೆ. ಅಷ್ಟು ಸಿಹಿಯಾದ ಮಾತನ್ನು ನಾನು ಆ ವರ್ಷ ಬೇರೆ ಯಾರ ಬಾಯಿಂದಲೂ ಕೇಳಲಿಲ್ಲ.

ಕಾಕು ಮತ್ತು ಅವರ ಗಂಡ ವಿಜಯಪುರದ ಕಡೆಯವರು. ಚಿಕ್ಕ ವಯಸ್ಸಿನಲ್ಲೇ ನೌಕರಿಗೆಂದು ಬಂದು ಇಲ್ಲೇ ಮುದುಕರಾದವರು. ಮಕ್ಕಳಿಲ್ಲ. ಕಾಕಾರ ಹೃದಯ ಸೋತಿತ್ತು, ಮೆಟ್ಟಿಲು ಹತ್ತಿ ಇಳಿಯಬಾರದೆಂದು ಡಾಕ್ಟರು ಹೇಳಿದ್ದರು. ಪಕ್ಕದ ರಸ್ತೆಯಲ್ಲಿ ನೆಲಮಹಡಿಯ ಎರಡು ಕೋಣೆ ನೋಡಿಟ್ಟಿದ್ದರು. ಇದು ಮಾರಿದರೆ ಅದು. ಇಷ್ಟನ್ನೂ ಕಾಕು ಮೊದಲ ದಿನವೇ ಚಹಾ, ಚೂಡಾದ ಜೊತೆ ನಮ್ಮ ಮುಂದೆ ಇಟ್ಟುಬಿಟ್ಟರು. ಕೊಳ್ಳಲು ಬಂದವರಿಗೆ ಯಾರಾದರೂ ಇದನ್ನೆಲ್ಲ ಹೇಳುತ್ತಾರೆಯೇ? ನಾವು ಕನ್ನಡದವರೆಂಬ ಒಂದೇ ಕಾರಣಕ್ಕೆ ಕಾಕು ಹೇಳಿದರು.

"ನಮ್ಮ ಮಂದಿ ಸಿಕ್ರಲ್ಲ, ಸಾಕವಾ. ನಿಮ್ಮನ್ನ ಬಿಟ್ಟು ಯಾರಿಗೂ ಕೊಡೂದಿಲ್ಲ" ಎಂದರು.

ಕೆಳಗಿಳಿಯುವಾಗ ನಮ್ಮವರು, "ಅವಸರ ಇರೋದು ಅವರಿಗೆ, ನಮಗಲ್ಲ" ಎಂದರು. ನಾನು ನಕ್ಕೆ. ಆ ನಗೆ ನನಗೆ ಇನ್ನೂ ನೆನಪಿದೆ, ಮರೆಯಲು ಸಾಕಷ್ಟು ಪ್ರಯತ್ನಪಟ್ಟಿದ್ದೇನೆ.

ಆಮೇಲೆ ಒಂದೆರಡು ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಹೋದಾಗಲೆಲ್ಲ ಒಂದು ಕೊಂಕು ಹುಡುಕಿಕೊಂಡು ಹೋಗುತ್ತಿದ್ದೆ. ಮಳೆಗಾಲದಲ್ಲಿ ಗೋಡೆಯ ತೇವ, ಬಿಸಿಲಲ್ಲಿ ಪಶ್ಚಿಮದ ಕೋಣೆಯ ಧಗೆ. ಕೊನೆಗೆ ಮಾತು ಮೆಟ್ಟಿಲಿಗೇ ಬಂದು ನಿಲ್ಲುತ್ತಿತ್ತು. ಬೇಕೆಂದೇ ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತಿದ್ದೆ. ಮೆಟ್ಟಿಲನ್ನು ಅವರು ಪಾವಟಿಗಿ ಎನ್ನುತ್ತಿದ್ದರು. "ಹೌದವಾ, ಪಾವಟಿಗಿ ತ್ರಾಸ ಬರೋಬರ್ ಐತಿ" ಎಂದು ತಾವೇ ತಪ್ಪು ಮಾಡಿದವರಂತೆ ನೀರು ತಂದುಕೊಡುತ್ತಿದ್ದರು. ಪ್ರತಿ ಸಲವೂ ಬೆಲೆ ಒಂದಿಷ್ಟು ಇಳಿಯುತ್ತಿತ್ತು.

ಸಂಕ್ರಾಂತಿಗೆ ಅರಿಶಿನ ಕುಂಕುಮಕ್ಕೆ ಕರೆದರು. ರೇಷ್ಮೆ ಸೀರೆ ಉಟ್ಟು ಹೋದೆ. ಬೇರೆ ಗಿರಾಕಿ ಬಂದಿದ್ದಾರೆಯೇ ಎಂದು ಪತ್ತೆ ಹಚ್ಚುವುದು ನನ್ನ ಉದ್ದೇಶ. ಪತ್ತೆಯೂ ಆಯಿತು. ಬ್ಯಾಂಕಿನಲ್ಲಿ ಕೆಲಸ ಮಾಡುವ ಹೊಸ ಜೋಡಿಯೊಂದು ಬಂದಿತ್ತಂತೆ, ನಮ್ಮ ಮಂದಿಗೆ ಮಾತು ಕೊಟ್ಟಾಗಿದೆ ಎಂದು ಕಾಕು ವಾಪಸ್ಸು ಕಳಿಸಿದ್ದರು. ನನ್ನ ಹಣೆಗೆ ಕುಂಕುಮವಿಟ್ಟು, ಎಳ್ಳುಂಡೆ ತುಂಬಿದ ಸ್ಟೀಲಿನ ಬಟ್ಟಲು ಕೈಗಿಟ್ಟರು.

ಕಾಕಾ ಬಾಲ್ಕನಿಯ ಪಕ್ಕ ಮಂಚದ ಮೇಲಿದ್ದರು. ದೀಪಾವಳಿಯಿಂದ ಕೆಳಗೆ ಇಳಿದಿರಲಿಲ್ಲ. "ಆ ಸಿಮೆಂಟ್ ರಸ್ತಾ ಮುಗೀತೇನವಾ? ಮೂಲಿ ಮ್ಯಾಲಿನ ಚಹಾದಂವ ಅದಾನಿಲ್ಲ?" ಎಂದು ತಮ್ಮ ಬೀದಿಯ ಸುದ್ದಿಯನ್ನೇ ನನ್ನನ್ನು ಕೇಳಿದರು. ರಸ್ತೆ ಮುಗಿದಿದೆ, ಚಹಾದವನೂ ಇದ್ದಾನೆ ಎಂದೆ. ಮಗುವಿನಂತೆ ಖುಷಿಪಟ್ಟರು.

ಕಾಕು ಬಾಗಿಲವರೆಗೆ ಬಂದು, ದನಿ ತಗ್ಗಿಸಿ ಒಂದು ಬೆಲೆ ಹೇಳಿದರು. "ಇಷ್ಟಕ್ಕ ಆದ್ರೂ ಹೂಂ ಅನ್ನವಾ. ಆ ತಳಗಿನ ಮನಿಯವರು ಇನ್ನ ಕಾಯೂದಿಲ್ಲಂತ."

ನಾವು ಮೊದಲ ದಿನ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಬೆಲೆ ಅದೇ. ಹೂಂ ಅನ್ನಲು ನನಗೆ ಯಾವ ಅಡ್ಡಿಯೂ ಇರಲಿಲ್ಲ. "ಇವರನ್ನ ಕೇಳಿ ಹೇಳ್ತೀನಿ ಕಾಕು" ಎಂದೆ. ಮನೆಗೆ ಬಂದು ಅವರ ಎಳ್ಳುಂಡೆಯನ್ನೇ ತಿನ್ನುತ್ತ, ಸಂಕ್ರಾಂತಿಗೇ ಇಷ್ಟು ಇಳಿದರೆ ಯುಗಾದಿಗೆ ಇನ್ನಷ್ಟು ಇಳಿಯುತ್ತದೆ ಎಂದು ಇಬ್ಬರೂ ತೀರ್ಮಾನಿಸಿದೆವು.

ಹೋಳಿ ಹಬ್ಬಕ್ಕೆ ಒಂದು ವಾರ ಮೊದಲು ಕಾಕಾ ತೀರಿಕೊಂಡರು. ದಲ್ಲಾಳಿ ಹೇಳಿದ. ಮಧ್ಯಾಹ್ನ ಎದೆನೋವು ಬಂದು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಇಳಿಸುತ್ತಿದ್ದಾಗ ಎರಡನೇ ಮಹಡಿಯ ತಿರುವಿನಲ್ಲೇ ಹೋಗಿಬಿಟ್ಟರಂತೆ. ಈಗ ನೀವು ಕೇಳಿದ ಬೆಲೆಗೆ ಸಿಗುತ್ತದೆ ಎಂದೂ ಸೇರಿಸಿದ. ಅವನನ್ನು ಬೈಯುವ ಯೋಗ್ಯತೆ ನನಗಿರಲಿಲ್ಲ. ಅವನ ಬಾಯಿಗೆ ಬರುವ ಮೊದಲೇ ಅದು ನನ್ನ ತಲೆಗೆ ಬಂದಿತ್ತು.

ತಿಂಗಳು ಕಳೆಯಲಿ ಎಂದು ಕಾದೆವು. ಮರ್ಯಾದೆಗೆ ಕಾಯುತ್ತಿದ್ದೇವೆ ಎಂದು ಹೇಳಿಕೊಂಡೆವು. ತಿಂಗಳೊಳಗೆ ಒಂಟಿ ಹೆಂಗಸಿಗೆ ಮನೆ ಭಾರವಾಗುತ್ತದೆ ಎಂಬ ದುರಾಸೆಯೂ ಒಳಗಿತ್ತು. ಕಡಿಮೆಯಿಂದ ಶುರುಮಾಡಬೇಕು ಎಂದು ನಮ್ಮವರು ದಾರಿಯುದ್ದಕ್ಕೂ ಪಾಠ ಹೇಳಿಕೊಟ್ಟರು.

ಬಾಗಿಲು ತೆರೆದ ಕಾಕುವಿನ ಹಣೆ ಬರಿದಾಗಿತ್ತು. ಹಿಂದೆ ರಟ್ಟಿನ ಪೆಟ್ಟಿಗೆಗಳು ಕಾಣುತ್ತಿದ್ದವು. "ಬರ್ರಿ, ಕೂಡ್ರಿ" ಎಂದರು. ನನಗೆ ಅಳು ಬಂತು, ನಿಜವಾದ ಅಳು. ನಮ್ಮವರು ಬಾಯಿ ತೆರೆಯುವ ಮೊದಲೇ, "ಸಂಕ್ರಾಂತಿಗೆ ನೀವು ಹೇಳಿದ ಬೆಲೆಗೇ ತಗೋತೀವಿ ಕಾಕು" ಎಂದುಬಿಟ್ಟೆ.

"ಮನಿ ಕೊಟ್ಟಾತ್ರಿ. ಆ ಬ್ಯಾಂಕಿನ ಹುಡುಗ ಹುಡುಗಿಗೆ."

"ಎಷ್ಟಕ್ಕೆ?" ಎಂದು ನಮ್ಮವರು ಆಗಲೂ ಕೇಳಿದರು.

ಕಾಕು ಹೇಳಿದರು. ನಾನು ಆಗಷ್ಟೇ ಹೇಳಿದ್ದಕ್ಕಿಂತ ಕಡಿಮೆ. ನಮ್ಮವರಿಗೆ ತಡೆಯಲಾಗಲಿಲ್ಲ. "ನಾವು ಜಾಸ್ತಿ ಕೊಡ್ತಿದ್ವಲ್ಲ! ನಮಗೊಂದು ಮಾತು ಹೇಳಬಾರದಿತ್ತೇ?"

ಕಾಕು ನಮ್ಮವರ ಕಡೆ ನೋಡಲಿಲ್ಲ. ಒಳಗಿನಿಂದ ನೀರಿನ ಲೋಟ ತಂದು, ಎಂದಿನಂತೆ ನನ್ನ ಕೈಗಿಟ್ಟರು.

"ನಿಮಗ ಪಾವಟಿಗಿ ತ್ರಾಸ ಆಗತಿತ್ತಲ್ರಿ" ಎಂದರು.